ಥರ್ಮಾಕೋಲನ್ನು ವಾಪಸ್ ಒಯ್ಯಲಿ

ಟಿವಿ, ಫ್ರಿಜ್ಜಿನ ಪೆಟ್ಟಿಗೆಯೊಳಗೆ ಬರುವ ಥರ್ಮಾಕೋಲನ್ನು ಗುಜರಿಯವರೂ ಮುಟ್ಟುವುದಿಲ್ಲ, ಕಸದ ಗಾಡಿಯವರೂ ಬೇಡ ಅನ್ನುತ್ತಾರೆ. ಕಾರಣ ಸರಳ. ಅದರ ಗಾತ್ರದಲ್ಲಿ ಶೇ 95ರಷ್ಟು ಬರೀ ಗಾಳಿ. ಲಾರಿ ತುಂಬ ಹೇರಿದರೂ ತೂಕ ಬರುವುದಿಲ್ಲ, ಸಾಗಿಸಿದ ಖರ್ಚೂ ಹುಟ್ಟುವುದಿಲ್ಲ. ಹಾಗಂತ ಅದು ಮರುಬಳಕೆಗೆ ಬಾರದ ವಸ್ತುವಲ್ಲ. ಅದನ್ನು ಪುಡಿ ಮಾಡಿ, ಒತ್ತಿ, ಇಟ್ಟಿಗೆಯಂತೆ ಗಟ್ಟಿ ಮಾಡುವ ಯಂತ್ರಗಳಿವೆ. ಆ ಗಟ್ಟಿಯಿಂದ ಫೋಟೊ ಫ್ರೇಮಿನ ಪಟ್ಟಿಗಳು ತಯಾರಾಗುತ್ತವೆ.

ಚಿಪ್ಸ್ ಪೊಟ್ಟಣದ ಕಥೆ ಬೇರೆ. ಒಳಗೆ ಹೊಳೆಯುವ ಅಲ್ಯೂಮಿನಿಯಂ ಲೇಪ ಪ್ಲಾಸ್ಟಿಕ್ ಪದರಕ್ಕೆ ಅಂಟಿಕೊಂಡೇ ಇರುತ್ತದೆ, ಬಿಡಿಸುವುದು ಕಷ್ಟ. ನಾವು ಎಷ್ಟು ತೊಳೆದಿಟ್ಟರೂ ಸುಮ್ನೆ. ಒಂದೇ ಬಗೆಯ ಪ್ಲಾಸ್ಟಿಕ್‌ನಲ್ಲಿ ಪೊಟ್ಟಣ ಮಾಡುವ ಹೊಣೆ ಕಂಪನಿಗಳದ್ದೇ.

ಥರ್ಮಾಕೋಲಿಗಾದರೂ ಈಗಲೇ ದಾರಿ ಮಾಡಬಹುದು. ಸಾಮಾನು ಇಳಿಸಲು ಬಂದ ಗಾಡಿ ಹೇಗೂ ಖಾಲಿ ಹಿಂದಿರುಗುತ್ತದೆ ಅಲ್ವಾ? ಅದರಲ್ಲೇ ಇದನ್ನೂ ವಾಪಸ್ ಒಯ್ಯಲಿ. ಮಾರಾಟಗಾರರು ಸೇರಿ ಊರಿಗೊಂದು ಒತ್ತುವ ಯಂತ್ರ ಇಡಲಿ. ಟೇಪು, ಲೇಬಲ್ ಕಿತ್ತು, ಒದ್ದೆಯಾಗದಂತೆ ಕೊಡುವಷ್ಟು ಕೆಲಸ ನಾವು ಮಾಡೋಣ.

– ಒಬ್ಬ ಓದುಗ