ಅಂಜನ್ ಹುಲ್ಲು: ಶಿಫಾರಸಿನ ಜೊತೆಗೆ ಎಚ್ಚರಿಕೆಯೂ ಇರಲಿ

ಮಾನ್ಯ ಸಂಪಾದಕರಿಗೆ,

ಒಣಭೂಮಿಯ ಮೇವಿನ ಬೆಳೆಗಳನ್ನು ಕುರಿತು ನಿಮ್ಮ ಕೃಷಿ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಬಫೆಲ್ ಎಂದೂ ಕರೆಯಲಾಗುವ ಅಂಜನ್ ಹುಲ್ಲಿನ ಬಗ್ಗೆ ಲೇಖಕರು ಹೇಳಿರುವ ಗುಣಗಳಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ‘ಒಮ್ಮೆ ಬಿತ್ತಿದರೆ ಮತ್ತೆ ಚಿಂತೆಯಿಲ್ಲ’ ಎಂಬ ಮಾತಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಬೇಕಾಯಿತು. ಈ ಹುಲ್ಲಿನ ವಿಷಯದಲ್ಲಿ ಚಿಂತೆ ಶುರುವಾಗುವುದೇ ಬಿತ್ತಿದ ಮೇಲೆ.

ಬೇರು ಆಳಕ್ಕಿಳಿಯುವುದರಿಂದ ಮೇಲ್ಮಣ್ಣು ಒಣಗಿದರೂ ಬುಡ ಸಾಯುವುದಿಲ್ಲ. ತಿಂಗಳುಗಟ್ಟಲೆ ಸತ್ತಂತೆ ಕಂಡ ಬುಡವು ಒಂದು ಹದ ಮಳೆಗೆ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಬೀಜಗಳು ಬಹುಪಾಲು ತಾಯಿಗಿಡದ ಪಡಿಯಚ್ಚುಗಳೇ ಆಗಿರುವುದರಿಂದ, ಹೊಸ ಜಾಗದಲ್ಲಿ ಒಂದೇ ಗಿಡ ನೆಲೆಯೂರಿದರೂ ಒಂದು ಹಿಂಡು ಹುಟ್ಟಲು ಸಾಕು. ಬೀಜವನ್ನು ಸುತ್ತಿದ ನವಿರಾದ ಮುಳ್ಳುಕೂದಲು ಗಾಳಿಯಲ್ಲಿ ತೇಲುತ್ತದೆ, ಕುರಿಯ ಉಣ್ಣೆಗೆ, ಬಟ್ಟೆಗೆ, ವಾಹನಕ್ಕೆ ಅಂಟಿಕೊಂಡು ದೂರ ಸಾಗುತ್ತದೆ. ಬರಗಾಲದಲ್ಲಿ ದನಕರುಗಳನ್ನು ಉಳಿಸುವ ಗುಣ ಯಾವುದೋ, ಬೇಲಿಯಾಚೆ ಪಸರಿಸುವ ಗುಣವೂ ಅದೇ. ಒಂದನ್ನು ಮಾತ್ರ ಕೊಂಡು ಇನ್ನೊಂದನ್ನು ಬಿಟ್ಟುಬರಲು ಆಗುವುದಿಲ್ಲ.

ಆಫ್ರಿಕಾ, ಪಶ್ಚಿಮ ಏಷ್ಯಾ ಮತ್ತು ಭಾರತದ ಒಣ ಪ್ರದೇಶಗಳು ಇದರ ತವರು. ತವರಿನಲ್ಲಿ ಇದನ್ನು ಖಳನಾಯಕನೆಂದು ನಾನು ಹೇಳುತ್ತಿಲ್ಲ. ಮೇಯುವ ಬಾಯಿಗಳು ಇರುವಲ್ಲಿ ಇದು ಒಳ್ಳೆಯ ಹುಲ್ಲು. ತೊಂದರೆ ಕಂಡದ್ದು ಹೊರನಾಡುಗಳಲ್ಲಿ. 19ನೇ ಶತಮಾನದಲ್ಲಿ ಒಂಟೆಗಳ ಜೀನಿಗೆ ತುಂಬಿದ ಹುಲ್ಲಿನೊಡನೆ ಆಸ್ಟ್ರೇಲಿಯಾ ಸೇರಿದ ಈ ಸಸ್ಯವನ್ನು ಮುಂದೆ ಮೇವಿಗಾಗಿ, ದೂಳು ತಡೆಯಲಿಕ್ಕಾಗಿ ಬೇಕೆಂದೇ ಬಿತ್ತಲಾಯಿತು. 2015ರಲ್ಲಿ ಅಲ್ಲಿನ ದಕ್ಷಿಣ ಆಸ್ಟ್ರೇಲಿಯಾ ರಾಜ್ಯವು ಅದನ್ನೇ ಕಳೆಯೆಂದು ಘೋಷಿಸಿತು. ಅಮೆರಿಕದಲ್ಲಿಯೂ ಮಣ್ಣಿನ ಸವಕಳಿ ತಡೆಯಲು ತಂದ ಹುಲ್ಲನ್ನು ಅರಿಜೋನಾ ರಾಜ್ಯವು 2005ರಲ್ಲಿ ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿತು.

ಅಲ್ಲಿನ ಸೊನೋರಾ ಮರುಭೂಮಿಯಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರಿನೆಲ ಇರುವುದರಿಂದ ಬೆಂಕಿ ಹಬ್ಬುವುದು ಅಪರೂಪವಾಗಿತ್ತು. ಆ ಬರಿನೆಲವನ್ನು ಈ ಹುಲ್ಲು ಒಣ ಸೌದೆಯಂತೆ ತುಂಬಿದೆ. ಮೊದಲ ಕೊಂಬೆ ಮೂಡಲು 50ರಿಂದ 70 ವರ್ಷ ತೆಗೆದುಕೊಳ್ಳುವ ಸಗುವಾರೊ ಕಳ್ಳಿಗೆ ಬೆಂಕಿಯನ್ನು ತಾಳುವ ಅಭ್ಯಾಸವಿಲ್ಲ. ಹುಲ್ಲಿನ ಬುಡವಾದರೋ ಸುಟ್ಟ ಮೇಲೂ ಮುಂದಿನ ಮಳೆಗೆ ಚಿಗುರಿ ತೆರವಾದ ಜಾಗವನ್ನೂ ಆಕ್ರಮಿಸುತ್ತದೆ, ಹಾಗಾಗಿ ಪ್ರತಿ ಬೆಂಕಿಯೂ ಮುಂದಿನ ಬೆಂಕಿಗೆ ಸೌದೆ ಒದಗಿಸಿದಂತಾಗುತ್ತದೆ. 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಪಟ್ಟಣವನ್ನು ಸುಟ್ಟ ಬೆಂಕಿಗೂ ಪಾಳುಬಿದ್ದ ತೋಟಗಳಲ್ಲಿ ಬೆಳೆದ ಹೊರನಾಡಿನ ಹುಲ್ಲುಗಳು ಇಂಧನವಾಗಿದ್ದವು.

ಮೇವಿನ ಹುಲ್ಲಷ್ಟೇ ಅಲ್ಲ, ಅಂದಕ್ಕೆಂದು ನೆಡುವ ಕಾರಂಜಿ ಹುಲ್ಲಿನ ಕತೆಯೂ ಹೀಗೆಯೇ. ‘ನೀರು ಕಡಿಮೆ ಸಾಕು’ ಎಂದು ಅದನ್ನು ಮಾರುವವರು ಯುರೋಪಿಯನ್ ಒಕ್ಕೂಟವು 2017ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿದ್ದನ್ನು ಹೇಳುವುದಿಲ್ಲ.

ಅಂಜನ್ ಹುಲ್ಲು ಹಬ್ಬಿದ ಮೇಲೆ ಕಿತ್ತರಾಯಿತು ಎನ್ನುವವರು ಒಮ್ಮೆ ಹಾರೆ ಹಿಡಿದು ನೋಡಬೇಕು. ಕುಯ್ದರೆ ಇದು ಸಾಯುವುದಿಲ್ಲ. ಬುಡವನ್ನು ಬೇರುಸಹಿತ ಎಬ್ಬಿಸಬೇಕು. ಕಳೆನಾಶಕವೂ ಎಲೆ ಹಸಿರಾಗಿರುವ ಕೆಲವೇ ವಾರಗಳಲ್ಲಿ ಮಾತ್ರ ನಾಟುತ್ತದೆ. ಮಣ್ಣಿನಲ್ಲಿ ಉಳಿದ ಬೀಜ ವರ್ಷಗಳ ನಂತರವೂ ಮೊಳೆಯುವುದರಿಂದ ಅದೇ ಜಾಗಕ್ಕೆ ಮಳೆಗಾಲದ ನಂತರ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ಆದ್ದರಿಂದ ಇಂಥ ಹುಲ್ಲುಗಳನ್ನು ಶಿಫಾರಸು ಮಾಡುವ ಲೇಖನಗಳಲ್ಲಿ, ಎಕರೆಗೆ ಎಷ್ಟು ಬೀಜ ಎನ್ನುವುದರ ಪಕ್ಕದಲ್ಲಿಯೇ, ಆ ಹುಲ್ಲು ಆ ಪ್ರದೇಶದ್ದೇ ಅಥವಾ ಹೊರಗಿನದೇ ಎಂಬುದನ್ನು ಮೊದಲು ತಿಳಿಸಬೇಕೆಂದು ಕೋರುತ್ತೇನೆ. ಹೊರಗಿನದಾದರೆ ಸ್ಥಳೀಯ ಹುಲ್ಲುಗಳ ಹೆಸರನ್ನೂ ಸೂಚಿಸಲಿ. ಬಿತ್ತಲೇಬೇಕಾದವರಿಗೆ ಹಳ್ಳದ ದಂಡೆ, ರಸ್ತೆಯ ಅಂಚು, ಕಾಡಿನ ಮಗ್ಗುಲನ್ನು ಬಿಡಬೇಕೆಂದೂ ತೆನೆ ಬಲಿಯುವ ಮುನ್ನ ಮೇಯಿಸಬೇಕು ಅಥವಾ ಕುಯ್ಯಬೇಕೆಂದೂ ನಾಲ್ಕು ಸಾಲು ಬರೆಯಲು ನಿಮ್ಮ ಪುಟದಲ್ಲಿ ಜಾಗವಿದೆ ಎಂದು ನಂಬಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ