ಹೆಸರು ಹೇಳದೆ ಪ್ಯಾಚ್ ಕಳಿಸಿದವರಿಗೆ

ನಮ್ಮ ಮೈನ್‌ಕ್ರಾಫ್ಟ್ ಸರ್ವರ್ ಪ್ಲಗಿನ್‌ನಲ್ಲಿ ಕಮಾಂಡ್‌ಗಳನ್ನು ಓದಲು ಒಂದೇ ಮೆಥಡ್‌ನೊಳಗೆ ಬೆಳೆದಿದ್ದ ಇಫ್-ಎಲ್ಸ್ ಕಗ್ಗಂಟನ್ನು ಬಿಡಿಸಿ ಬ್ರಿಗೇಡಿಯರ್ (ಮೈನ್‌ಕ್ರಾಫ್ಟ್‌ನ ಕಮಾಂಡ್ ಓದುವ ಲೈಬ್ರರಿ) ಟ್ರೀಗೆ ತಂದುಕೊಟ್ಟಿದ್ದೀರಿ, ತುಂಬಾ ಥ್ಯಾಂಕ್ಸ್. ಈಗ ಕಮಾಂಡ್‌ನಲ್ಲಿ ಕೊಡುವ ಸಂಖ್ಯೆ 1ರಿಂದ 64ರ ಆಚೆ ಹೋದರೆ ಟೈಪ್ ಮಾಡುವಾಗಲೇ ಕೆಂಪಾಗುತ್ತದೆ, ನಮ್ಮ ಕೋಡ್‌ವರೆಗೆ ಬರುವುದೇ ಇಲ್ಲ. ಪರ್ಮಿಷನ್ ಬದಲಾದಾಗ ಅಪ್‌ಡೇಟ್‌ಕಮಾಂಡ್ಸ್ ಕರೆಯದಿದ್ದರೆ ಆಟಗಾರರಿಗೆ ಹಳೆಯ ಕಮಾಂಡ್ ಪಟ್ಟಿಯೇ ಕಾಣುತ್ತಿರುತ್ತದೆ. ಅದನ್ನೂ ನೀವು ಬಿಟ್ಟಿಲ್ಲ.

ದೊಡ್ಡ ಉಪಕಾರ ಬಣ್ಣದ ವಿಷಯದಲ್ಲಿ. ಸೆಕ್ಷನ್ ಚಿಹ್ನೆಯ (§) ಹಳೆಯ ಬಣ್ಣದ ಕೋಡ್‌ಗಳನ್ನು ಕಿತ್ತು ಬಣ್ಣ, ಕ್ಲಿಕ್ ಎಲ್ಲವನ್ನೂ ಟ್ಯಾಗ್‌ಗಳಲ್ಲಿ ಬರೆಯುವ ಮಿನಿಮೆಸೇಜ್ ಹಾಕುವುದು ಸುಲಭ (ಬೇಸರದ ಕೆಲಸ, ಅಷ್ಟೇ). ಆದರೆ ಆಟಗಾರರು ಬರೆದದ್ದನ್ನು ಸ್ಟ್ರಿಂಗ್‌ಗೆ ನೇರ ಅಂಟಿಸಿದರೆ ಯಾರಾದರೂ ಕ್ಲಿಕ್ ಟ್ಯಾಗ್ ತುರುಕಬಹುದು. ಅಡ್ಮಿನ್ ಅದನ್ನು ಒತ್ತಿದರೆ ಕಮಾಂಡ್ ಅಡ್ಮಿನ್ ಹೆಸರಲ್ಲೇ ಓಡುತ್ತದೆ. ಹೆಸರು, ಚಾಟ್, ಬ್ಯಾನ್ ಕಾರಣ ಎಲ್ಲಕ್ಕೂ ನೀವು ಟ್ಯಾಗ್‌ಗಳನ್ನು ಜಾರಿಗೆ ತರುವ ಪಾರ್ಸ್ಡ್ ಬದಲು ಅವನ್ನು ಬರೀ ಅಕ್ಷರವಾಗಿ ತೋರಿಸುವ ಅನ್‌ಪಾರ್ಸ್ಡ್ ಪ್ಲೇಸ್‌ಹೋಲ್ಡರ್ ಹಾಕಿದ್ದೀರಿ. ಮುಂದಿನ ರಿಲೀಸ್‌ನಲ್ಲಿ ನಿಮ್ಮ ಬದಲಾವಣೆಗಳೆಲ್ಲ ಇರುತ್ತವೆ.