ಚಿಪ್ ಬಿಕ್ಕಟ್ಟು ಮುಗಿಯಿತಂತೆ, ನನ್ನ ಕಾರು ಎಲ್ಲಿ?

ಮಾನ್ಯ ಸಂಪಾದಕರೇ,

ನೆಕ್ಸ್‌ಪೀರಿಯ (ಚೀನಾ ಒಡೆತನದ ಡಚ್ ಚಿಪ್ ಕಂಪನಿ) ಚಿಪ್ ಗಲಾಟೆ ತಿಳಿಯಾಯಿತು ಎಂಬ ನಿಮ್ಮ ವರದಿಯನ್ನು ಇಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನ ಗ್ಯಾರೇಜೊಂದರ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಮೆಕ್ಯಾನಿಕ್ ಬಂದು "ಮುಂದಿನ ವಾರ ನೋಡೋಣ" ಎಂದ. ಇದು ಐದನೇ ಮುಂದಿನ ವಾರ.

ಕೆಟ್ಟಿರುವುದು ಇಂಜಿನ್ ಅಲ್ಲ. ಹೆಡ್‌ಲೈಟು, ವೈಪರು ನಡೆಸುವ ಒಂದು ಡಬ್ಬಿ. ನವೆಂಬರಿನಲ್ಲಿ ಇಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು, ಮಳೆ ಬೇರೆ. ಅವೆರಡೂ ಇಲ್ಲದೆ ಗಾಡಿ ತೆಗೆಯುವ ಹಾಗಿಲ್ಲ. ಆತ ಹಳೇ ಬೋರ್ಡು ಬಿಚ್ಚಿ ತೋರಿಸಿದ. ಹೊಸದರಲ್ಲಿ ಕೂರಬೇಕಾದ ಚಿಪ್ಪು ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು. ಬೆಲೆ ಕೆಲವು ಸೆಂಟು. ಒಗ್ಗರಣೆಗೆ ಸಾಸಿವೆ ಇಲ್ಲ ಅಂತ ಮದುವೆಯನ್ನೇ ನಿಲ್ಲಿಸಿದ ಹಾಗಾಗಿದೆ ನನ್ನ ಪಾಡು.

ರಾಜ್ಯೋತ್ಸವದ ಊಟಕ್ಕೆ ಮೂವತ್ತು ಜನರ ಬಿಸಿಬೇಳೆಬಾತ್ ನಮ್ಮ ಪಾಲಿಗೆ ಬಂದಿತ್ತು. ಕಾರಿಲ್ಲ. ಪಾತ್ರೆಯ ಮುಚ್ಚಳಕ್ಕೆ ಹೆಂಡತಿಯ ಹಳೇ ದುಪ್ಪಟ್ಟಾ ಬಿಗಿದು ರೈಲಿಗೆ ಹೊರಟೆವು. ಸ್ಟೇಷನ್ನಿಗೆ ಬಿಟ್ಟವರು ಪಕ್ಕದ ಮನೆಯ ಡಚ್ ಅಜ್ಜ, ತಮ್ಮ ಚೀನಾ ಎಲೆಕ್ಟ್ರಿಕ್ ಕಾರಿನಲ್ಲಿ! ನಾನು ಯುರೋಪಿನ ಗಾಡಿ ಗಟ್ಟಿ ಅಂತ ಜಾಸ್ತಿ ದುಡ್ಡು ಕೊಟ್ಟು ಕೊಂಡವನು. ರೈಲು ಹಳಿ ರಿಪೇರಿಯಂತೆ, ಅರ್ಧ ದಾರಿ ಬಸ್ಸು. ಸಾರು ಇಳಿದು ನನ್ನ ಪ್ಯಾಂಟು ಹಳದಿ.

ಈಗ ವಿಷಯಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ 30ರಂದು ಇಲ್ಲಿನ ಆಗಿನ ಆರ್ಥಿಕ ವ್ಯವಹಾರಗಳ ಸಚಿವ ವಿನ್ಸೆಂಟ್ ಕರೆಮನ್ಸ್ 1952ರ ಒಂದು ಕಾನೂನನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ನೆಕ್ಸ್‌ಪೀರಿಯವನ್ನು ಹತೋಟಿಗೆ ತೆಗೆದುಕೊಂಡರು. ನಾಲ್ಕೇ ದಿನದಲ್ಲಿ ಚೀನಾ ತನ್ನ ನೆಲದಿಂದ ಆ ಚಿಪ್ಪು ಹೊರಹೋಗದಂತೆ ತಡೆಯಿತು. ವೇಫರ್ (ಬಿಸ್ಕತ್ತಲ್ಲ, ಸಿಲಿಕಾನ್ ತಟ್ಟೆ) ತಯಾರಾಗುವುದು ಹ್ಯಾಂಬರ್ಗ್, ಮ್ಯಾಂಚೆಸ್ಟರ್‌ನಲ್ಲಿ. ಅದನ್ನು ಕತ್ತರಿಸಿ, ಕಾಲು ಜೋಡಿಸಿ, ಕಟ್ಟುವ ಕೆಲಸ ಹೆಚ್ಚಾಗಿ ಚೀನಾದ ಡಾಂಗ್‌ಗುವಾನ್‌ನಲ್ಲಿ. ಇಷ್ಟೂ ಸಚಿವರಿಗೆ ಗೊತ್ತಿರಲಿಲ್ಲವೇ? ಅಕ್ಟೋಬರ್ ಕೊನೆಗೆ ಇಲ್ಲಿನ ನೆಕ್ಸ್‌ಪೀರಿಯದವರು ಚೀನಾ ಘಟಕದಿಂದ ದುಡ್ಡು ಬಂದಿಲ್ಲ ಅಂತ ವೇಫರ್ ಕಳಿಸುವುದನ್ನೂ ನಿಲ್ಲಿಸಿದರು. ನವೆಂಬರ್ 19ಕ್ಕೆ ಸಚಿವರು ಸದ್ಭಾವನೆ ಅಂತ ಹೇಳಿ ಆದೇಶವನ್ನು ತಡೆಹಿಡಿದರು. ಸದ್ಭಾವನೆಯಿಂದ ಹೆಡ್‌ಲೈಟು ಹತ್ತುತ್ತದಾ ಸ್ವಾಮಿ?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕತೆ ಇದು. ಈ ಕಂಪನಿಯ ಬೇರು ಇದೇ ಊರಿನ ಫಿಲಿಪ್ಸ್. 2006ರಲ್ಲಿ ಫಿಲಿಪ್ಸ್ ಚಿಪ್ ವಿಭಾಗವನ್ನು ಮಾರಿತು, ಅದು ಎನ್‌ಎಕ್ಸ್‌ಪಿ ಎಂಬ ಕಂಪನಿ ಆಯಿತು. ಎನ್‌ಎಕ್ಸ್‌ಪಿ 2017ರಲ್ಲಿ ತನ್ನ ಒಂದು ತುಂಡನ್ನು, ಅಂದರೆ ಈ ನೆಕ್ಸ್‌ಪೀರಿಯವನ್ನು, 275 ಕೋಟಿ ಡಾಲರಿಗೆ ಚೀನಾದ ಹೂಡಿಕೆದಾರರಿಗೆ ಕೊಟ್ಟಿತು. ಅಲ್ಲಿಂದ ಅದು ಚೀನಾದ್ದೇ ಕಂಪನಿ ವಿಂಗ್‌ಟೆಕ್ ಕೈಗೆ. ಯಾರೂ ಕದ್ದುಕೊಂಡು ಹೋಗಲಿಲ್ಲ. ಎಣಿಸಿಕೊಂಡು ಮಾರಿದರು. ಗ್ರೀಸಿನ ಬಂದರಿನದೂ ಇದೇ ಕತೆ. ಗ್ರೀಸಿಗೆ ಸಾಲ ಕೊಟ್ಟ ಯುರೋಪಿನವರೇ ಆಸ್ತಿ ಮಾರು, ಮಾರು ಅಂತ ಕೂತರು. 2016ರಲ್ಲಿ ಅಲ್ಲಿನ ಪಿರಾಯಸ್ ಬಂದರಿನ ಶೇ. 51 ಪಾಲು ಚೀನಾದ ಹಡಗು ಕಂಪನಿ ಕಾಸ್ಕೊಗೆ ಹೋಯಿತು, 2021ರಲ್ಲಿ ಅದು ಶೇ. 67 ಆಯಿತು. ಈಗ ಅದೇ ಜನ ಯುರೋಪ್ ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸ್‌ನಲ್ಲಿ ಕೂತು ಚೀನಾ ಬಂದರು ಹಿಡಿಯಿತು ಅಂತ ಗೋಳಾಡುತ್ತಾರೆ. ಜರ್ಮನಿಯಾದರೂ ಕಲಿಯಿತಾ? 2023ರಲ್ಲಿ ಹ್ಯಾಂಬರ್ಗ್ ಬಂದರಿನ ಒಂದು ಟರ್ಮಿನಲ್‌ನಲ್ಲಿ ಅದೇ ಕಾಸ್ಕೊಗೆ ಶೇ. 24.99. ಇಪ್ಪತ್ತೈದು ಕೊಟ್ಟರೆ ತಪ್ಪು ನೋಡಿ!

ಅಧಿಕಾರಿಗಳ ಮಾತು ಬಂತು, ಹೇಳಿಯೇ ಬಿಡುತ್ತೇನೆ. ನಾನು ಇಲ್ಲಿಗೆ ಬಂದ ವರ್ಷ ಒಂದು ಕಚೇರಿಯಲ್ಲಿ ನನ್ನ ಫೋಟೋವನ್ನು ಎರಡು ಸಲ ವಾಪಸ್ ಕೊಟ್ಟರು. ಎಡಗಿವಿ ಸರಿಯಾಗಿ ಕಾಣುತ್ತಿಲ್ಲವಂತೆ. ಮೂರನೇ ಸಲ ಹೋದರೆ ಊಟದ ಹೊತ್ತು. ನನ್ನ ಕಿವಿಯನ್ನು ಅಷ್ಟು ಹುಡುಕುವ ವ್ಯವಸ್ಥೆಗೆ ಇಡೀ ಕಾರ್ಖಾನೆ ಕೈಬಿಟ್ಟು ಹೋಗಿದ್ದು ಕಾಣಲಿಲ್ಲ. ರಸ್ತೆ ತೆರಿಗೆ ಮಾತ್ರ ತಪ್ಪಿಲ್ಲ, ಮೂರು ತಿಂಗಳ ಕಂತು ಮೊನ್ನೆಯೂ ಖಾತೆಯಿಂದ ಹೋಯಿತು. ಯಾವ ರಸ್ತೆಗೆ? ಕಾರು ಗ್ಯಾರೇಜಿನ ಮೂಲೆಯಲ್ಲಿದೆ.

ಅಲ್ಲಿ ಕೂತು ನಗಬೇಡಿ. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರಿಗೆ ಬೇಕಾಗುವ ಅಪರೂಪದ ಲೋಹಗಳ ಮ್ಯಾಗ್ನೆಟ್ಟಿನ ಮೇಲೆ ಬಿಗಿ ಹಿಡಿದಾಗ ನಮ್ಮ ದೇಶದ ಎಲೆಕ್ಟ್ರಿಕ್ ಗಾಡಿ ಕಂಪನಿಗಳೂ ಒದ್ದಾಡಿದವು, ಅಲ್ವಾ?

ಆದ್ದರಿಂದ ಯುರೋಪಿನವರು ಒಂದೋ ಚೀನಾದವರನ್ನು ಪೂರ್ತಿ ದೂರ ಇಡಲಿ, ಇಲ್ಲಾ ಸುಮ್ನೆ ರಾಜಿ ಮಾಡಿಕೊಂಡು ಚಿಪ್ಪು ತರಿಸಲಿ. ಎರಡೂ ಆಗದಿದ್ದರೆ ನನ್ನ ತೆರಿಗೆಯಾದರೂ ವಾಪಸ್ ಬರಲಿ. ನೀವೂ ಅಷ್ಟೇ, 'ತಿಳಿಯಾಯಿತು' ಅಂತ ತಲೆಬರಹ ಹಾಕುವ ಮುಂಚೆ ಯಾವುದಾದರೂ ಗ್ಯಾರೇಜಿಗೆ ಒಂದು ಫೋನ್ ಮಾಡಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಸಂಬಂಧಪಟ್ಟವರು ಡಚ್ ಸರ್ಕಾರ ಕೂತಿರುವ ಹೇಗ್‌ನಲ್ಲಿದ್ದಾರೋ, ಬ್ರಸೆಲ್ಸ್‌ನಲ್ಲಿದ್ದಾರೋ, ಬೀಜಿಂಗ್‌ನಲ್ಲಿದ್ದಾರೋ ನನಗಂತೂ ಗೊತ್ತಾಗಿಲ್ಲ.

ಇತಿ,
ಕಾರಿದ್ದೂ ಸೈಕಲ್ ತುಳಿಯುತ್ತಿರುವ ಓದುಗ
ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್